ಗಂಗಿಯ ಬೂದಿ ಸ್ನಾನ

ಒಂದು ಕೋಳಿಗೆ ಪೌಡರ್ ಹಚ್ಚಲು ಎಷ್ಟು ಜನ ಬೇಕು?

ಮೂವರು. ಕಾಲು ಹಿಡಿಯಲು ಒಬ್ಬರು, ರೆಕ್ಕೆ ಎತ್ತಲು ಒಬ್ಬರು, ಉಜ್ಜಲು ಇನ್ನೊಬ್ಬರು. ಹೋದ ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ ಕುಮಟೆಯ ನಮ್ಮ ಮನೆಯ ಹಿತ್ತಿಲಲ್ಲಿ ನಾವು ಮೂವರು ಮಾಡುತ್ತಿದ್ದದ್ದು ಇದನ್ನೇ. ಅದರಲ್ಲಿ ಒಬ್ಬರು ಇಸ್ತ್ರಿ ಹಾಕಿದ ಬಿಳಿ ಅಂಗಿಯಲ್ಲಿದ್ದರು. (ಪಾಪ, ನಮ್ಮನೆಯವರು.)

ಕೋಳಿಯ ಹೆಸರು ಗಂಗಿ. ಕಾವಿಗೆ ಕೂತಿದ್ದಳು. ಆದರೆ ಅವಳ ಹೊಟ್ಟೆಯಡಿ ಇದ್ದ ಏಳು ಮೊಟ್ಟೆಗಳಲ್ಲಿ ಒಂದೂ ಅವಳದ್ದಲ್ಲ. ಎಲ್ಲವೂ ಭಟ್ಕಳದ ಪಕ್ಕದ ಜಾಲಿ ಊರಿನವು. ಅಕ್ಕಿ ಡಬ್ಬಿಯಲ್ಲಿ ಹುಗಿದು, ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ತಂದವಳು ಶಾಹೀನ್, ನನ್ನ ಜೊತೆ ಬಿ.ಎಡ್. ಓದಿದ ಗೆಳತಿ.

ಅವಳ ಅಮ್ಮ ತುಂಬಾ ವರ್ಷಗಳಿಂದ ಚುಕ್ಕೆ ಕೋಳಿ ಸಾಕಿಕೊಂಡು ಬಂದವರು. ಆ ತಳಿಯಲ್ಲಿ ಉಳಿದಿದ್ದು ಒಂದೇ ಒಂದು ಹೇಂಟೆ. ಅದನ್ನು ಮುಂಗುಸಿ ಹೊತ್ತುಕೊಂಡು ಹೋಯಿತು. ಕೊನೆಗೆ ಉಳಿದದ್ದು ಈ ಮೊಟ್ಟೆಗಳು. ಕೂರಿಸಲು ಅವರಲ್ಲಿ ಬೇರೆ ಕೋಳಿ ಇಲ್ಲ. ಇತ್ತ ನಮ್ಮ ಗಂಗಿ ಖಾಲಿ ಬುಟ್ಟಿಯಲ್ಲೇ ಹಠ ಹಿಡಿದು ಕೂತಿದ್ದಾಳೆ. ಸಂಬಂಧ ಕುದುರಿತು. ಅಂದಿನಿಂದ ಶಾಹೀನ್‌ಗೆ ಅಮ್ಮನದ್ದು ದಿನಾ ಒಂದೇ ಪ್ರಶ್ನೆ: ಕೋಳಿ ಸರಿಯಾಗಿ ಕೂತಿದೆಯಾ?

ಕೂತಿತ್ತು. ಆ ಭಾನುವಾರದವರೆಗೆ.

ಮರಿಯಾಗಲು ಇನ್ನೇನು ಎರಡು ಮೂರು ದಿನ. ನೋಡಿಕೊಂಡು ಹೋಗಲು ಶಾಹೀನ್ ಬೆಳಿಗ್ಗೆಯೇ ಬಂದಿದ್ದಳು. ಇಬ್ಬರೂ ಹೋಗಿ ನೋಡಿದರೆ ಗಂಗಿ ಬುಟ್ಟಿಯ ಹೊರಗೆ ನಿಂತಿದ್ದಾಳೆ. ರೆಕ್ಕೆಯಡಿ ಕೊಕ್ಕು ಹಾಕಿ ಕೆದಕುತ್ತಾಳೆ, ಕೂರುತ್ತಾಳೆ, ಮತ್ತೆ ಏಳುತ್ತಾಳೆ. ಎತ್ತಿ ಪುಕ್ಕ ಸರಿಸಿ ನೋಡಿದೆ. ಹೇನು. ಒಂದೆರಡಲ್ಲ, ಸಂತೆ. ಕ್ಷಣದಲ್ಲಿ ನನ್ನ ಮೊಣಕೈವರೆಗೂ ಹರಿದಾಡತೊಡಗಿದವು. (ನಿಮಗೂ ಈಗ ತುರಿಸುತ್ತಿದೆಯಾ? ಕ್ಷಮಿಸಿ.)

ತಪ್ಪು ಗಂಗಿಯದ್ದಲ್ಲ. ಕೋಳಿ ದಿನಕ್ಕೊಮ್ಮೆ ಒಣ ಮಣ್ಣಲ್ಲಿ ಹೊರಳಿ ತನ್ನ ಹೇನನ್ನು ತಾನೇ ಉದುರಿಸಿಕೊಳ್ಳುತ್ತದೆ. ಆದರೆ ಹಿಂದಿನ ವಾರವಿಡೀ ಅಕಾಲದ ಮಳೆ. ಅಂಗಳವೆಲ್ಲ ಕೆಸರು. ಹೊರಳುವುದೆಲ್ಲಿ?

"ಈಗ ಎಂತ ಮಾಡೂದು?" ಅಂದಳು ಶಾಹೀನ್. ದನಿ ಸಣ್ಣದಾಗಿತ್ತು. ಹೇನಿನ ಕಾಟ ತಡೆಯದೆ ಕೋಳಿ ಕಾವು ಬಿಟ್ಟು ಎದ್ದುಹೋಗುವುದುಂಟು ಎಂದು ಅವಳಿಗೂ ಗೊತ್ತು.

ಮನೆಯಲ್ಲಿ ಹೇನಿನ ಔಷಧಿಯ ಬಾಟಲಿ ಇತ್ತು. ಮೊಟ್ಟೆಗೆ ತಾಗಿದರೆ? ಬೇಡ ಅನಿಸಿತು. ನಮ್ಮಮ್ಮ ಮಾಡುತ್ತಿದ್ದದ್ದು ನೆನಪಾಯಿತು. ಬಚ್ಚಲೊಲೆಯ ತಣಿದ ಬೂದಿ ತಂದೆ, ನನ್ನ ರವೆ ಜರಡಿಯಲ್ಲೇ ಜರಡಿ ಹಿಡಿದೆ. ಒಣಗಿಸಿಟ್ಟಿದ್ದ ಕಹಿಬೇವಿನ ಎಲೆಯನ್ನು ಪುಡಿ ಮಾಡಿ ಬೆರೆಸಿದೆ. ನುಣ್ಣಗೆ, ಬೆಳ್ಳಗೆ, ಥೇಟ್ ಬೇಬಿ ಪೌಡರ್.

ನಮ್ಮನೆಯವರು ಹೊನ್ನಾವರದಲ್ಲಿ ನೆಂಟರ ಮಗುವಿನ ತೊಟ್ಟಿಲು ಶಾಸ್ತ್ರಕ್ಕೆಂದು ತಯಾರಾಗಿ ಬಾಗಿಲಲ್ಲಿ ನಿಂತಿದ್ದರು.

"ಸ್ವಲ್ಪ ಕಾಲು ಹಿಡ್ಕಣಿ" ಅಂದೆ.

"ಯಾರದ್ದು?"

"ಕೋಳಿದು."

"ಈ ಅಂಗಿಯಲ್ಲಾ?"

"ಭಾವ, ಎರಡೇ ನಿಮಿಷ" ಅಂದಳು ಶಾಹೀನ್. ಅವಳ ಮುಖ ನೋಡಿ ಅವರು ತೋಳು ಮಡಚಿ ಕೂತರು.

ಅವರು ಕಾಲು ಹಿಡಿದರು. ಶಾಹೀನ್ ಒಂದು ಕೈಯಲ್ಲಿ ಗಂಗಿಯ ಮುಖಕ್ಕೆ ಬಟ್ಟೆ ಹಿಡಿದು ಇನ್ನೊಂದರಲ್ಲಿ ರೆಕ್ಕೆ ಎತ್ತಿದಳು. ನಾನು ರೆಕ್ಕೆಯಡಿ, ಎದೆ, ಬಾಲದ ಬುಡ, ಎಲ್ಲ ಕಡೆ ಪುಕ್ಕದ ಬೇರಿಗೆ ತಾಗುವಂತೆ ಉಜ್ಜಿದೆ. ಗಂಗಿ ಮೊದಲು ಬೈದಳು. ಆಮೇಲೆ ಸುಮ್ಮನಾದಳು. ಎಲ್ಲ ಮುಗಿಯಿತು ಎನ್ನುವಾಗ ನಮ್ಮನೆಯವರಿಗೆ ಸೀನು ಬಂತು.

ಸೀನಿದರು. ಕಾಲು ಬಿಟ್ಟರು. ಗಂಗಿ ಅವರ ಎದೆಯ ಮೇಲೆಯೇ ರೆಕ್ಕೆ ಕೊಡವಿ, ಬೂದಿ ತುಂಬಿದ್ದ ಮರದ ಮರಿಗೆಯ ಮೇಲೆ ಹಾರಿ, ಅದನ್ನು ಮಗುಚಿ ಹಾಕಿದಳು. ಮೂವರೂ ತಲೆಯಿಂದ ಕಾಲಿನವರೆಗೆ ಬೂದಿ. ಶಾಹೀನ್ ನನ್ನ ಮುಖ ನೋಡಿದಳು, ನಾನು ಅವಳದ್ದು. ಆಮೇಲೆ ನಗು ನಿಲ್ಲಲೇ ಇಲ್ಲ. ನಗುವಾಗ ಬಾಯಿಗೆ ಬೂದಿ, ಕೆಮ್ಮಿದರೆ ಮತ್ತೆ ನಗು.

ಗಂಗಿ ಮಾತ್ರ ಬುಟ್ಟಿಯತ್ತ ತಿರುಗಿಯೂ ನೋಡಲಿಲ್ಲ. ಚೆಲ್ಲಿದ ಬೂದಿಯಲ್ಲಿ ಮಲಗಿಬಿಟ್ಟಳು. ಕಾಲು ಚಾಚಿ, ಕತ್ತು ವಾರೆ ಮಾಡಿ, ಕಣ್ಣು ಮುಚ್ಚಿ.

"ಸತ್ತೋಯ್ತು" ಅಂದರು ನಮ್ಮನೆಯವರು.

ಸತ್ತಿರಲಿಲ್ಲ. ಸುಖಪಡುತ್ತಿದ್ದಳು. ಒಂದು ಕಾಲಲ್ಲಿ ಬೂದಿ ಕೆರೆದು ಬೆನ್ನಿಗೆ ಎರಚಿಕೊಂಡಳು, ಇನ್ನೊಂದು ಮಗ್ಗುಲಿಗೆ ಹೊರಳಿದಳು. ಉಳಿದ ಕೋಳಿಗಳೂ ಓಡಿ ಬಂದು ಮೈಗೆ ಮೈ ಒತ್ತಿ ಬಿದ್ದುಕೊಂಡವು. ಹಿತ್ತಿಲು ಸ್ವಿಮ್ಮಿಂಗ್ ಪೂಲ್ ಆಯಿತು.

ಆದರೆ ಮೊಟ್ಟೆ ತಣ್ಣಗಾಗುತ್ತಿದ್ದವು. ಶಾಹೀನ್ ಏಳನ್ನೂ ದುಪಟ್ಟಾದಲ್ಲಿ ಸುತ್ತಿ ಮಡಿಲಲ್ಲಿಟ್ಟು, ಮೇಲೆ ನನ್ನ ಶಾಲು ಹೊದ್ದು, ಅಲುಗಾಡದೆ ಕೂತಳು. ನಗು ನಿಂತಿತ್ತು. ಸರಿಯಾಗಿ ಆಗಲೇ ಅವಳಮ್ಮನ ಫೋನು. ಅವರ ಮನೆಮಾತು ನವಾಯತಿಯಲ್ಲಿ ಕೇಳಿದ ಪ್ರಶ್ನೆ ನನಗೂ ಅರ್ಥವಾಯಿತು: ಕೂತಿದೆಯಾ?

"ಕೂತಾಗಿದೆ ಅಮ್ಮ. ಮೊಟ್ಟೆ ಬೆಚ್ಚಗಿವೆ" ಅಂದಳು ಶಾಹೀನ್.

ಸುಳ್ಳು ಎಲ್ಲಿದೆ ಹೇಳಿ?

ಎಷ್ಟೋ ಹೊತ್ತಿನ ಮೇಲೆ ಗಂಗಿ ಎದ್ದಳು. ಮೈ ಕೊಡವಿದಳು. ಮೋಡದಷ್ಟು ಬೂದಿ ಎದ್ದಿತು. ನೀರು ಕುಡಿದಳು. ನಾವು ಮೊಟ್ಟೆಗಳನ್ನು ಬುಟ್ಟಿಗಿಟ್ಟು ದೂರ ಸರಿದೆವು. ಅವಳು ನಿಧಾನಕ್ಕೆ ನಡೆದು ಬಂದು ಬುಟ್ಟಿ ಹತ್ತಿ, ಕೊಕ್ಕಿನಿಂದ ಒಂದೊಂದೇ ಮೊಟ್ಟೆಯನ್ನು ಹೊಟ್ಟೆಯಡಿ ಎಳೆದುಕೊಂಡು ಕೂತಳು. ಮತ್ತೆ ಏಳಲಿಲ್ಲ.

"ಆತು" ಅಂದೆ. ಶಾಹೀನ್ ಕಣ್ಣೊರೆಸಿಕೊಂಡಳು. (ಬೂದಿ ಹೋಗಿತ್ತಂತೆ.)

ಬುಧವಾರ ಆರು ಮರಿ ಹೊರಬಂದವು. ಅದರಲ್ಲಿ ಎರಡರ ಮೈಮೇಲೆ ಕಪ್ಪು ಚುಕ್ಕೆ. ವೀಡಿಯೊ ಕಾಲ್‌ನಲ್ಲಿ ಶಾಹೀನಳ ಅಮ್ಮ ಆ ಎರಡನ್ನೂ ನೆಲಕ್ಕೆ ಬಿಟ್ಟು ತೋರಿಸಲು ಹೇಳಿದರು. ಆಮೇಲೆ, ನಡಿಗೆಯೂ ಆ ಹೋದ ಹೇಂಟೆಯದ್ದೇ ಅಂದರು.

ಗಂಗಿಗೆ ವಾರ ಬಿಟ್ಟು ಇನ್ನೊಮ್ಮೆ ಬೂದಿ ಹಚ್ಚಿದೆ, ಹೇನಿನ ಮೊಟ್ಟೆ ಒಡೆದು ಹೊಸವು ಬಂದಿದ್ದರೆ ಎಂದು. ಈಗ ಮಳೆ ತಾಗದ ಹಾಗೆ ಮಾಡಿನ ಕೆಳಗೆ ಹಳೆಯ ಟೈರಿನಲ್ಲಿ ಒಣ ಮರಳು, ಬೂದಿ ಸದಾ ಇರುತ್ತದೆ.

ಮೊನ್ನೆ ಬೆಳಿಗ್ಗೆ ನೋಡಿದೆ. ಅಂಗೈ ತುಂಬದಷ್ಟು ಸಣ್ಣ ಚುಕ್ಕೆ ಮರಿಯೊಂದು ಟೈರಿಗೆ ಇಳಿದು, ಅಡ್ಡ ಬಿದ್ದು, ಇನ್ನೂ ಪುಕ್ಕ ಪೂರ್ತಿ ಮೂಡದ ರೆಕ್ಕೆಗೆ ಬೂದಿ ಎರಚಿಕೊಳ್ಳುತ್ತಿತ್ತು.

ಮಣ್ಣು ಮುಟ್ಟಿದ ಮಕ್ಕಳಿಗೆಲ್ಲ ಕೈ ತೊಳಿ ಎನ್ನುವ ಟೀಚರಮ್ಮ ನಾನು, ಈ ಮರಿಗೆ ಎಂತ ಹೇಳಲಿ?