ಮಾಮಾನ ಮಷಿನ್ ಕೂಗಲಿಲ್ಲ

ನಮ್ಮ ಮಾಮಾ, ಅಂದ್ರ ನಮ್ಮವ್ವನ ತಮ್ಮ, ಹೊಳಿ ದಂಡಿ ಕಡೆ ಒಂದು ಸಕ್ಕರಿ ಕಾರಖಾನ್ಯಾಗ ಫಿಟ್ಟರ್. ನಾನೂ ಅಲ್ಲೇ, ಇನ್‌ಸ್ಟ್ರುಮೆಂಟ್ ರೂಮಿನ್ಯಾಗ. ಐಟಿಐ ಮಾಡಿದ್ದು ಇಲೆಕ್ಟ್ರಿಷಿಯನ್. ಗ್ಯಾಸ್ ಡಿಟೆಕ್ಟರ್ ಬಗ್ಗೆ ಯಾರೂ ಕಲಸಿಲ್ಲ. ಮ್ಯಾನ್ಯುಅಲ್ ಓದಿ, ಯೂಟ್ಯೂಬ್ ನೋಡಿ, ಕೆಟ್ಟಿದ್ದು ಬಿಚ್ಚಿ ಬಿಚ್ಚಿ ಕಲ್ತೇನಿ. ಅದಕ್ಕ ಮಾಮಾ ನನಗ ಯೂಟ್ಯೂಬ್ ಡಾಕ್ಟರ್ ಅಂತಾನ.

ಈ ಡಿಟೆಕ್ಟರ್ ಅಂಗಿ ಕಿಸೆಕ್ಕ ಸಿಗಿಸ್ಕೊಳ್ಳುವಷ್ಟ ಸಣ್ಣದು. ಮುಂದ ಒಂದ್ ಪರದೆ, ಅದರ ಮ್ಯಾಲೆ ಬರೋಬ್ಬರಿ ನಡಕ ದುಂಡನ ಜಾಳಗಿ. ಆ ಜಾಳಗಿಯಿಂದ ಗಾಳಿ ಒಳಗ ಹೋಗಿ ಸೆನ್ಸರ್‌ಗೆ ಮುಟ್ಟತೈತಿ, ವಿಷಗಾಳಿ ಇದ್ರ ಮಷಿನ್ ಕೂಗತೈತಿ. ಹೊಲಸು ನೀರಿನ ಗುಂಡ್ಯಾಗ ಹುಟ್ಟೋ ಗ್ಯಾಸ್ ಕೆಟ್ಟ ತತ್ತಿಯಂಗ ನಾರತೈತಿ. ಆದ್ರ ಭಾಳ ಆತಂದ್ರ ಮೂಗ ಸತ್ತು ವಾಸನೀನ ಬರೂದಿಲ್ಲ. ಆವಾಗ ಈ ಮಷಿನ್ನ ಗತಿ.

ದಸರಾ ಮುಗದಿತ್ತು. ಕಬ್ಬಿನ ಸೀಜನ್ ಚಾಲೂ ಆಗೂಕಿಂತ ಮೊದಲ ಆ ಗುಂಡಿ ಸ್ವಚ್ಛ ಆಗಬೇಕು. ಇಳಿಯೋ ಪಾಳಿ ಮಾಮಾಂದು. ಮಾಮಾ ಸೇಫ್ಟಿ ಬೆಲ್ಟ್ ಹಾಕ್ಕೊಂಡ ಬಂದು ನನ್ನ ಟೇಬಲ್ ಮ್ಯಾಲೆ ಮಷಿನ್ ಇಟ್ಟ.

‘ಲಗೂ ನೋಡ್ಲೇ ಅಳಿಯಾ. ಜೀರೋ ತೋರಸಾಕತ್ತೈತಿ, ಛಲೋ ಐತಿ.’

‘ಜೀರೋ ಅಂದ್ರ ಗಾಳಿ ಛಲೋ ಐತಿ ಅಂತರೆ ಆಗಿರಬೇಕು, ಇಲ್ಲಾ ಮಷಿನ್ ಕುರುಡ ಅಂತರೆ ಆಗಿರಬೇಕು ಮಾಮಾ. ತಡಿ.’

ಸಿಲಿಂಡರಿನ ನಳಿಗಿ ಹಚ್ಚಿ, ಪರೀಕ್ಷಾ ಮಾಡಾಕಂತ ಇಟ್ಟಿರೋ ಅಳತಿ ಗ್ಯಾಸ್ ಬಿಟ್ಟೆ. ಪರದೆ ಮ್ಯಾಲಿನ ಅಂಕಿ ಇಪ್ಪತ್ತೈದಕ್ಕ ಏರಿ ಮಷಿನ್ ಕೂಗಬೇಕಾಗಿತ್ತು. ಎರಡಕ್ಕ ಬಂದು ನಿಂತು ಬಿಡ್ತು. ಕೂಗಲಿಲ್ಲ.

ಮೊದಲಿಗೆ ಸಿಲಿಂಡರ್ ಮ್ಯಾಲೆ ಸಂಶೆ ಬಂತು. ನನ್ನ ಕಿಸೆದಾಗಿನ ಮಷಿನ್ನಿಗೆ ಅದ ಗ್ಯಾಸ್ ಕೊಟ್ಟೆ, ಕಿವಿ ಕಿತ್ತು ಹೋಗೋ ಹಂಗ ಕೂಗ್ತು. ಗ್ಯಾಸ್ ಬರೋಬ್ಬರಿ ಐತಿ, ನಳಿಗಿನೂ ಬರೋಬ್ಬರಿ ಐತಿ. ಹಂಗಾರ ಸೆನ್ಸರ್ ಸತ್ತೈತಿ ಅಂತ ಹೊಸಾದು ಹಾಕಿ, ಸ್ವಲ್ಪ ಹೊತ್ತ ಬಿಟ್ಟು, ಮತ್ತ ಗ್ಯಾಸ್ ಕೊಟ್ಟೆ. ಮತ್ತ ಎರಡು. ಹೊಸಾ ಸೆನ್ಸರೂ ಅದ ತಪ್ಪ ಹ್ಯಾಂಗ ಮಾಡತೈತಿ?

ಮಾಮಾ ಬಾಗಲದಾಗ ನಿಂತು ಹೇಳಿದ, ‘ಗುಂಡಿ ಮ್ಯಾಲೆ ಮಂದಿ ಕಾಯಾಕತ್ತಾರ. ಡಾಕ್ಟರ್‌ಗ ರೋಗ ಸಿಗವಲ್ದು ಅಂತ ಪೇಶಂಟ್ ಕುಂದರಬೇಕೇನು? ಕೊಡ ಇಲ್ಲೆ.’

‘ಕೊಡೂದಿಲ್ಲ ಮಾಮಾ. ಸಿಟ್ಟಾದ್ರ ಆಗು.’

ಮುಂದಿನ ಮುಚ್ಚಳಾನ ಮತ್ತ ಬಿಚ್ಚಿ, ತಿರುವಿ ಕಿಡಕಿ ಬೆಳಕಿಗೆ ಹಿಡದೆ. ಹೊರಗಿನ ಜಾಳಗಿ ಸ್ವಚ್ಛ. ಅದರ ಬೆನ್ನಿಗೆ ಒಂದು ಬಿಳಿ ಫಿಲ್ಟರ್ ಇರತೈತಿ, ಧೂಳ ತಡ್ಯಾಕ. ಅದು ಬಿಳಿ ಇರಲಿಲ್ಲ. ಕೆಂಪಾಗಿ, ಅಂಚಿಗೆ ಅರಿಷಿಣ ಬಣ್ಣ ಆಗಿ, ಒಣಗಿ ಬಿರುಸಾಗಿತ್ತು.

‘ಮಾಮಾ, ಇದನ್ನ ದಸರಾದ ಖಂಡೇಪೂಜಿಗೆ ಇಟ್ಟಿದ್ದೇನು?’

‘ಇಡದ ಬಿಡ್ತೇವೇನು? ಪಾನಾ, ಕುಡಗೋಲ, ಗಾಡಿ, ಎಲ್ಲಾ ಇಟ್ಟಿದ್ವಿ.’ ಫಿಲ್ಟರ್ ನೋಡಿ ಮಾಮಾನ ದನಿ ಸಣ್ಣದಾತು. ‘ಆಮ್ಯಾಲೆ ನಾನ ಟವೆಲ್‌ಲೆ ಒರಸಿದ್ನಲ್ಲ.’

ಒರಸಿದ್ದು ಹೊರಗಿಂದು. ನೀರಾಗ ಕಲಸಿದ ಕುಂಕುಮ, ಅರಿಷಿಣದ ಭಂಡಾರ ಒಳಗ ಇಳದು ಗಾಳಿ ಹೋಗೋ ದಾರಿ ಮುಚ್ಚಿತ್ತು. ಮನ್ಯಾಗ ಪೂಜಿ ಮಾಡಿ ಬೊಟ್ಟು ಇಟ್ಟಾಕಿ ಮಾಮಿ, ಮಾಮಾನ ಹೆಂಡ್ತಿ; ಅಕಿದೇನೂ ತಪ್ಪಿಲ್ಲ. ಬರೋಬ್ಬರಿ ನಡಕ ಅಷ್ಟ ದುಂಡನ ಜಾಗಾ ಇದ್ರ ಬೊಟ್ಟು ಮತ್ತೆಲ್ಲಿ ಇಡಬೇಕು? ನಾನ ಇದ್ರೂ ಅಲ್ಲೇ ಇಡ್ತಿದ್ದೆ.

ಮಾಮಾ ಸ್ಟೂಲ್ ಮ್ಯಾಲೆ ಕುಂತ. ‘ನಾನ ಅಕಿಗೆ ಹೇಳಿದ್ನಿ, ಇದು ನನ್ನ ಜೀಂವಾ ಕಾಯೋ ಮಷಿನ್ ಅಂತ. ಅದಕ್ಕ ಇದಕ ಒಂದೀಟ ಹೆಚ್ಚ ಹಚ್ಚಿದ್ಲು.’



ಹೊಸಾ ಫಿಲ್ಟರ್ ಹಾಕಿ ಕ್ಯಾಲಿಬ್ರೇಶನ್ ಮಾಡಿದೆ, ಅಂದ್ರ ಅಳತಿ ಸರಿಯಾಗಿ ಹೊಂದಿಸಿದೆ. ಗ್ಯಾಸ್ ಕೊಟ್ಟ ಕೂಡ್ಲೆ ಇಪ್ಪತ್ತೈದಕ್ಕ ಏರಿ, ಕೆಂಪ ಲೈಟ್ ಹೊಡಕೋತ ಕೂಗ್ತು. ಅಷ್ಟ ಕೆಟ್ಟ ಧ್ವನಿ ನನಗ ಅಷ್ಟ ಛಲೋ ಯಾವತ್ತೂ ಕೇಳಿಸಿಲ್ಲ.

ಗುಂಡಿ ಕಡೆ ಹೋಗಿ ಮಷಿನ್ನಿಗೆ ಹಗ್ಗ ಕಟ್ಟಿ ಕೆಳಗ ಬಿಟ್ವಿ. ಅರ್ಧಕ್ಕ ಹೋಗೂದ್ರಾಗ ಕೂಗಾಕ ಹತ್ತಿತು. ಮಾಮಾ ಹಗ್ಗ ಹಿಡಕೊಂಡ ಹಂಗ ನಿಂತ. ಒಳಗ ಗಾಳಿ ಹೊಡಿಯೋ ಬ್ಲೋವರ್ ಮುಂಜಾನೆಯಿಂದ ನಡದಿತ್ತು, ಆದ್ರ ಅದರ ಪೈಪ್ ತಳಾ ಮುಟ್ಟಿರಲಿಲ್ಲ. ಪೈಪ್ ಪೂರಾ ಇಳಿಸಿ ಮತ್ತ ಗಾಳಿ ಹೊಡದ್ವಿ. ಊಟ ಆದಮ್ಯಾಲೆ ಮತ್ತ ಇಳಿಸಿ ನೋಡಿದ್ರ ತಳದ ತನಕಾ ಜೀರೋ. ಈ ಜೀರೋ ಖರೆ ಜೀರೋ.

ಮಾಮಾ ಇಳದ. ನಾ ಗುಂಡಿ ಬಾಯಾಗ ಬೆಲ್ಟಿನ ಹಗ್ಗ ಹಿಡಕೊಂಡ ಕುಂತೆ. ಒಳಗಿಂದ ಸಲಕಿ ಸಪ್ಪಳ, ನಡನಡಕ ಮಾಮಾ ಬೈಯೋದು ಕೇಳತಿತ್ತು. ಬೈಗಳಾ ಕೇಳಿ ಜೀಂವಾ ತಂಪಾತು.

ಸಂಜಿಗೆ ಅವರ ಮನ್ಯಾಗ ಚಹಾ ಕುಡಿಯೂವಾಗ ಮಾಮಾ ಮಾಮಿಗೆ ಗುಂಡಿ ಸುದ್ದಿ ಹೇಳಲಿಲ್ಲ. ಇಷ್ಟ ಅಂದ, ‘ಇನ್ನ ಮುಂದ ಈ ಮಷಿನ್ನಿಗೆ ಹಿಂದಿನ ಕ್ಲಿಪ್ಪಿಗೆ ಬೊಟ್ಟ ಇಡು. ಮುಂದಿಂದು ಅದರ ಮೂಗ.’

‘ಮೂಗ ಅಂತ ಮೊದಲ ಹೇಳಬಾರದೇನ್ರಿ?’ ಅಂದ್ಲು ಮಾಮಿ. ‘ದೇವರಿಗೂ ಮೂಗಿಗೆ ಹಚ್ಚೂದಿಲ್ಲ ನಾ.’

ಈಗ ಮಾಮಾ ಮುಂಜಾನೆ ತಾನ ಬರ್ತಾನ, ಮಷಿನ್ ಟೇಬಲ್ ಮ್ಯಾಲೆ ಇಡತಾನ. ‘ಕೂಗಸಪಾ ಡಾಕ್ಟರ್,’ ಅಂತಾನ. ಕೂಗಿದ ಮ್ಯಾಲೇನ ಕಿಸೆಕ್ಕ ಸಿಗಿಸ್ಕೊಂಡ ಹೊಕ್ಕಾನ.