ಮೊರ ತಂದು ಶಾಲೆಯ ಕಟ್ಟೆಗೆ ಕೂತ ಅನುಸೂಯಾ

ನಿಪ್ಪಾಣಿಯ ನಮ್ಮ ಓಣಿಯಲ್ಲಿ ಮನೆಮನೆಗೂ ಬೀಡಿ ಸುತ್ತುವ ಹೆಂಗಸರಿದ್ದಾರೆ. ಅವರಲ್ಲಿ ಅನುಸೂಯಾಳ ಕೈ ಚುರುಕು, ನಾಲಿಗೆ ಇನ್ನೂ ಚುರುಕು. ಅಕ್ಷರ ಬಾರದು. ಆದರೆ ಅವಳಿಗೆ ಮೋಸ ಮಾಡಿ ದಕ್ಕಿಸಿಕೊಂಡವರನ್ನು ನಾನು ಕಂಡಿಲ್ಲ.

ಮಗಳು ಸ್ನೇಹಲ ಈಗ ನಾಲ್ಕನೆಯ ಇಯತ್ತೆ. ಕೂತಲ್ಲಿ ಕೂರುವುದಿಲ್ಲ, ಹಿಡಿದದ್ದನ್ನು ಮುಗಿಸುವುದಿಲ್ಲ. ತಾಯಿತ ಕಟ್ಟಿಸೆಂದು ನೆರೆಯವರು ಹೇಳಿದರು.

"ಕಟ್ಟಿಸಿದ್ದೆ ಬೇ, ಅದನ್ನೂ ಎಲ್ಲ್ಯೋ ಕಳಕೊಂಡ ಬಂದಾಳ," ಎಂದಳು ಅನುಸೂಯಾ.

ಹೋದ ವರ್ಷ ದೀಪಾವಳಿ ಸೂಟಿ ಮುಗಿದ ಮೇಲೆ ಹೆಡ್‌ಮಾಸ್ತರರು ಅವಳನ್ನು ಕರೆಸಿದರು. ಏನಾದರೂ ಓದುವುದಿದ್ದರೆ ಇರಲಿ ಎಂದು ನನ್ನನ್ನೂ ಕರೆದೊಯ್ದಳು.

"ನಿಮ್ಮ ಹುಡುಗಿ ನಮ್ಮ ಕೈಯಾಗ ನಿಲ್ಲಂಗಿಲ್ರಿ. ಸಾಲಿ ಬಿಟ್ಟ ದಾಖಲೆ ಕೊಡ್ತೇನಿ, ಬ್ಯಾರೆ ಸಾಲಿ ನೋಡ್ರಿ," ಎಂದರು ಮಾಸ್ತರರು.

"ಏನ ತಪ್ಪ ಮಾಡ್ಯಾಳ್ರಿ?"

"ಒಂದೋ ಎರಡೋ ಇದ್ರ ಹೇಳಬಹುದು."

"ಬಾಯಿಲೆ ಬ್ಯಾಡ್ರಿ, ಬರದ ಕೊಡ್ರಿ. ಕಾರಖಾನ್ಯಾಗ ನಮ್ಮ ಬೀಡಿ ತಿರಗಿ ಒಗ್ಯಾಂವನೂ ಕಟ್ಟ ಬಿಚ್ಚಿ, ಎಲ್ಲಿ ಕೆಟ್ಟೈತಿ ತೋರಿಸಿ ಒಗೀತಾನ. ತೋರಸ್ಲಿಲ್ಲಂದ್ರ ನಾವು ತಿರಗಿ ತಗೊಳ್ಳಂಗಿಲ್ಲ. ನನ್ನ ಮಗಳು ಬೀಡಿಗಿಂತ ಕಡಿಮಿ ಏನ್ರಿ?"

ಮಾಸ್ತರರಿಗೆ ಸಿಟ್ಟು ನೆತ್ತಿಗೇರಿತು. "ಬರೀತೇನಿ! ಸಹಿ, ಸಿಕ್ಕಾ ಹಾಕೇ ಕೊಡ್ತೇನಿ!"

ಹೊರಗೆ ಬಂದು ನಾನು ಓದಿ ಹೇಳಿದೆ. ಹತ್ತು ನಿಮಿಷ ಕೂರುವುದಿಲ್ಲ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೂಗುತ್ತಾಳೆ. ಉತ್ತರ ಬಹುತೇಕ ಸರಿಯಿರುತ್ತದೆ. ಬರೆಯುವುದನ್ನು ಅರ್ಧಕ್ಕೆ ಬಿಡುತ್ತಾಳೆ. ಒಂದನೆಯ ಇಯತ್ತೆಯಿಂದಲೂ ಹೀಗೇ.

"ಕಾಕಾ, ಇದರಾಗ ಖರೇ ಎಷ್ಟೈತಿ?"

"ಎಲ್ಲಾ ಖರೇನ ಐತವ್ವಾ."

"ಹಂಗಾರ ಛಲೋ ಆತು."

ಓಣಿಯ ಆಶಾ ಕಾರ್ಯಕರ್ತೆ ಹೇಳಿದಂತೆ ಆ ಕಾಗದ ಹಿಡಿದು, ಮಗಳನ್ನು ಕರೆದುಕೊಂಡು ಚಿಕ್ಕೋಡಿಯ ಮಕ್ಕಳ ತಪಾಸಣಾ ಶಿಬಿರಕ್ಕೆ ಹೋದಳು. ಶಾಲೆಯಲ್ಲಿ ಮಗು ಹೇಗಿರುತ್ತದೆಂದು ಬರೆಸಿ ತಾರದ ತಾಯಂದಿರನ್ನು ಅಲ್ಲಿ ವಾಪಸು ಕಳಿಸುತ್ತಿದ್ದರು. ಹೊರಹಾಕಲು ಬರೆದ ಕಾಗದವೇ ಇವಳನ್ನು ಒಳಗೆ ಬಿಟ್ಟಿತು. ಡಾಕ್ಟರರು ಕಿವಿ, ಕಣ್ಣು ನೋಡಿ, ಮಗುವನ್ನು ಆಡಿಸಿ, ಮಾತಾಡಿಸಿ, ಇದು ಎ.ಡಿ.ಎಚ್.ಡಿ. ಎಂದರು. ಹಟವಲ್ಲ, ಸೊಕ್ಕಲ್ಲ, ಮನಸ್ಸು ಒಂದೇ ಕಡೆ ನಿಲ್ಲುವುದು ಅವಳಿಗೆ ಕಷ್ಟ, ಕಲಿಸುವ ರೀತಿ ಬದಲಾಗಬೇಕು ಎಂದು ಬರೆದುಕೊಟ್ಟರು.

ಆ ಬರಹ ಕಂಡ ಮೇಲೆ ಮಾಸ್ತರರು ದಾಖಲೆಯ ಮಾತು ಬಿಟ್ಟರು; ಶಿಕ್ಷಣ ಕಚೇರಿಯಿಂದ ಗುರುವಾರಕ್ಕೊಮ್ಮೆ ವಿಶೇಷ ಶಿಕ್ಷಕಿ ರೂಪಾಲಿ ಅಕ್ಕೋರು ಬರತೊಡಗಿದರು. ಸ್ನೇಹಲಳನ್ನು ಮುಂದಿನ ಸಾಲಿಗೆ ಕೂರಿಸಿದರು. ಐದು ಲೆಕ್ಕ ಮಾಡು, ಎದ್ದು ಗಿಡಕ್ಕೆ ನೀರು ಹಾಕು, ಬಂದು ಮತ್ತೆ ಐದು ಮಾಡು ಎಂದು ಗೊತ್ತು ಮಾಡಿದರು.

"ಒಬ್ಬಾಕಿಗೆ ಬ್ಯಾರೆ ಕಾಯದೆ ಮಾಡಿದ್ರ ಉಳದ ಹುಡುಗ್ರು ಸುಮ್ನಿರ್ತಾರೇನು?" ಎಂದು ಮಾಸ್ತರರು ತಕರಾರು ತೆಗೆದರು.

"ನಮ್ಮಾಗ ಎಡಗೈಲೆ ಸುತ್ತಾಕಿ ಒಬ್ಬಾಕಿ ಅದಾಳ್ರಿ. ಮೊಣಕೈ ತಾಗಬಾರದಂತ ಆಕಿಗೆ ಮೂಲ್ಯಾಗ ಜಾಗಾ ಬಿಟ್ಟೇವಿ. ಇಲ್ಲೀತನಾ ಯಾರೂ ಹೊಟ್ಟಿ ಉರಕೊಂಡಿಲ್ಲ," ಎಂದಳು ಅನುಸೂಯಾ.

ಈ ವರ್ಷ ಮಳೆಗಾಲದಲ್ಲಿ ರೂಪಾಲಿ ಅಕ್ಕೋರನ್ನು ಯಾವುದೋ ಸಮೀಕ್ಷೆಗೆ ಹಾಕಿದರು. ಮೂರು ಗುರುವಾರ ಬರಲಿಲ್ಲ. ಸ್ನೇಹಲ ಮತ್ತೆ ಹಿಂದಿನ ಸಾಲಿಗೆ ಬಿದ್ದಳು, ಶಾಲೆಗೆ ಹೋಗುವುದಿಲ್ಲವೆಂದು ಬಾಗಿಲಲ್ಲೇ ಕೂತು ಅತ್ತಳು. ನಾಲ್ಕನೆಯ ಗುರುವಾರ ಅನುಸೂಯಾ ಎಲೆ, ತಂಬಾಕು, ಮೊರ ಎಲ್ಲವನ್ನೂ ತಂದು ಶಾಲೆಯ ಕಟ್ಟೆಯ ಮೇಲೆ ಕೂತು ಬೀಡಿ ಸುತ್ತತೊಡಗಿದಳು.

ಮಾಸ್ತರರು ಓಡಿಬಂದರು. "ಏನ್ರಿ ಇದು! ಸಾಲಿ ಆವಾರದಾಗ ತಂಬಾಕು ತರಬಾರದಂತ ಗ್ವಾಡಿ ಮ್ಯಾಲ ಬರದೈತಿ, ಕಾಣಂಗಿಲ್ಲೇನು?"

"ಕಾಣತೈತ್ರಿ, ಓದಾಕ ಬರಂಗಿಲ್ಲ. ಮಗಳಿಗೆ ಕಲಸ್ರಿ, ಆಕಿ ಓದಿ ಹೇಳ್ತಾಳ."

"ಸಾಹೇಬ್ರು ಬಂದ್ರ ನನ್ನ ನೌಕರಿಗೆ ಬರತೈತವ್ವಾ!"

"ಬರ್ಲಿ. ಅವರನ್ನ ನೋಡಾಕ ಕುಂತೇನಿ."

ಮಾಸ್ತರರು ಆವತ್ತೇ ಕಚೇರಿಗೆ ಫೋನು ಹಚ್ಚಿದರು. ಒಂದಲ್ಲ, ನಾಲ್ಕು ಸಲ.

ಮರುವಾರ ರೂಪಾಲಿ ಅಕ್ಕೋರು ಬಂದರು. ಅನುಸೂಯಾ ಗೇಟಿನಾಚೆ ನಿಂತು, ಅವರು ಒಳಗೆ ಹೋಗಿ ಸ್ನೇಹಲಳನ್ನು ಮುಂದಕ್ಕೆ ಕರೆದದ್ದನ್ನು ಕಣ್ಣಾರೆ ಕಂಡ ಮೇಲೆಯೇ ಸುತ್ತಿದ ಬೀಡಿ ಕೊಡಲು ಕಾರಖಾನೆಗೆ ಹೋದಳು. ತಡವಾಯಿತೆಂದು ಅಲ್ಲಿ ಬೀಡಿ ಎಣಿಸಿಕೊಳ್ಳುವ ಮುಕಾದಮ ಗದರಿದನಂತೆ. ಅವನಿಗೆ ಅವಳು ಕೊಟ್ಟ ಉತ್ತರವನ್ನು ಇಲ್ಲಿ ಬರೆಯುವಂತಿಲ್ಲ.