ಮೂಗಯ್ಯನ ಮನೆಯ ಮಹಡಿ

ಇಲವಾಲದಾಚೆಯ ಕೊಪ್ಪಲಿನಲ್ಲಿ ಎಷ್ಟು ಮನೆಗಳಿವೆ ಎಂದು ಯಾರಾದರೂ ಕೇಳಿದರೆ ಚಿಕ್ಕಣ್ಣ ಗೌಡರು ಒಕ್ಕಲಿಗರ ಬೀದಿಯಿಂದ ಶುರುಮಾಡಿ, ಕುಂಬಾರರನ್ನು ಸೇರಿಸಿ, ಮಡಿವಾಳರನ್ನೂ ಪೂಜಾರಿಯ ಒಂಟಿ ಮನೆಯನ್ನೂ ಮರೆಯದೆ ಲೆಕ್ಕ ಒಪ್ಪಿಸುತ್ತಿದ್ದರು. ನಾಲೆಯಾಚೆಯ ಕೇರಿ ಮಾತ್ರ ಆ ಲೆಕ್ಕಕ್ಕೆ ಬರುತ್ತಿರಲಿಲ್ಲ. ಊರಿನ ಅರ್ಧ ಜನ ಇದ್ದದ್ದು ಅಲ್ಲಿಯೇ. ಬೇಕೆಂದು ಬಿಟ್ಟದ್ದಲ್ಲ, ಗೌಡರಿಗೆ ಅದು ಹೊಳೆದೇ ಇರಲಿಲ್ಲ.

ರಸ್ತೆ ಅಗಲ ಮಾಡುವಾಗ ಗೌಡರ ಮನೆ ಹೋಯಿತು. ಹೊಸದು ಏಳುವವರೆಗೆ ಮೈಸೂರಲ್ಲಿ ಬಾಡಿಗೆಗಿರೋಣ ಎಂದ ಮಗ ಸಂಜಯ್. ಅಗ್ರಹಾರದಲ್ಲೊಂದು ಮನೆ ನೋಡಲು ಹೋದರು. ಒಡತಿ ಸರೋಜಮ್ಮ ಬಾಗಿಲಲ್ಲೇ ನಿಂತು, "ನೀವು ಯಾವ ಜನ?" ಎಂದರು.

"ಗೌಡ್ರು ಕಣಮ್ಮ."

"ತಪ್ಪು ತಿಳ್ಕೋಬೇಡಿ, ನಾವು ಮಾಂಸ ತಿನ್ನೋರಿಗೆ ಕೊಡಲ್ಲ."

ಆ ಪ್ರಶ್ನೆಯನ್ನು ಗೌಡರು ಜೀವಮಾನವಿಡೀ ಕೇಳಿದವರೇ ಹೊರತು ಉತ್ತರ ಕೊಟ್ಟವರಲ್ಲ. "ಇನ್ನೂ ಯಾವ ಕಾಲದಲ್ಲವ್ರೆ ಇವರು" ಎಂದು ದಾರಿಯುದ್ದಕ್ಕೂ ಗೊಣಗಿದರು.

ಕೊನೆಗೆ ಸಂಜಯನೇ ಬ್ರೋಕರ್ ಹಿಡಿದು ಒಂದು ಮಹಡಿ ಮನೆ ಗೊತ್ತುಮಾಡಿದ. ಸಾಮಾನಿನ ಟೆಂಪೋ ಬಂದು ನಿಂತಾಗ ಕೆಳಗಿನ ಮನೆಯಿಂದ ಹೊರಬಂದವನು ಮೂಗಯ್ಯ. ಅದೇ ಕೇರಿಯವನು, ಗೌಡರ ಗದ್ದೆಯಲ್ಲಿ ದುಡಿದವನು. ಮನೆ ಅವನ ಮಗ, ಕಾಲೇಜು ಮೇಷ್ಟ್ರು ಅಶೋಕನದು. ಗೌಡರು ಟೆಂಪೋ ತಿರುಗಿಸಲು ಹೇಳುವವರಿದ್ದರು. ಅಷ್ಟರಲ್ಲಿ ಹೆಂಡತಿ ಮಂಗಳಮ್ಮ ಹಾಲುಕ್ಕಿಸುವ ಪಾತ್ರೆ ಹಿಡಿದು ಮೆಟ್ಟಿಲು ಹತ್ತಿಯಾಗಿತ್ತು.

ಗೌಡರು ಎದುರಾದಾಗಲೆಲ್ಲ ಮೂಗಯ್ಯ ಎದ್ದು ನಿಲ್ಲುತ್ತಿದ್ದ. ಸೊಸೆ ಗೌತಮಿಗೆ ರೇಗುತ್ತಿತ್ತು. "ಮಾವ, ಕೂತ್ಕೊಳಿ. ಅವರು ನಮ್ಮ ಬಾಡಿಗೆದಾರರು."

"ನಂಗೊತ್ತು ಕಣವ್ವ. ಮಂಡಿಗೆ ಗೊತ್ತಿಲ್ಲ, ಅದರ ಪಾಡಿಗೆ ಎದ್ಬುಡುತ್ತೆ."

ಆ ಬೀದಿಯಲ್ಲಿ ಯಾರೂ ಯಾರನ್ನೂ ಮಾತಾಡಿಸುತ್ತಿರಲಿಲ್ಲ. ನಾಲೆ ನೀರು, ಊರ ಹಳೇ ಜಗಳ ಎಲ್ಲ ಬಲ್ಲವನು ಮೂಗಯ್ಯ ಒಬ್ಬನೇ. ಬೇಸರ ತಡೆಯಲಾಗದೆ ಗೌಡರು ಮೆಲ್ಲಗೆ ಕೆಳಗಿಳಿದರು. ಬುದ್ಧನ ಮೂರ್ತಿಯಿದ್ದ ಹಾಲಿನಲ್ಲಿ ಕೂತು ಗೌತಮಿ ಕೊಟ್ಟ ಕಾಫಿ ಕುಡಿದರು. ಮೊದಲ ದಿನ ಅರ್ಧ ಲೋಟ, ಆಮೇಲಾಮೇಲೆ ಪೂರ್ತಿ. ಕೇರಿಯಲ್ಲಿ ಯಾರ್ಯಾರಿದ್ದರು, ಯಾರ ಮಕ್ಕಳು ಏನಾದರು ಎಂಬುದೆಲ್ಲ ಅವರಿಗೆ ಗೊತ್ತಾದದ್ದು ಹೀಗೆ, ಮೈಸೂರಿಗೆ ಬಂದ ಮೇಲೆ.

ಊರಿನ ಹೊಸ ಮನೆಯ ಗೃಹಪ್ರವೇಶಕ್ಕೆ ಮೂಗಯ್ಯನನ್ನು ತಾವೇ ಕರೆದರು. ಅವನು ಬಿಳಿ ಪಂಚೆಯುಟ್ಟು ಬಂದು ಅಂಗಳದಲ್ಲಿ ನಿಂತ. ಬಾಗಿಲಲ್ಲಿ ನೆಂಟರಿದ್ದರು, ಪಂಚಾಯ್ತಿ ಮೆಂಬರ್ ಬೀರೇಶ್ ಇದ್ದ. ಎಲ್ಲರ ಕಣ್ಣೂ ಗೌಡರ ಮೇಲೆ. ಗೌಡರು ಅವಸರದಿಂದ ಇಳಿದು ಬಂದು ಶಾಮಿಯಾನದ ಕೆಳಗೊಂದು ಕುರ್ಚಿ ಹಾಕಿದರು.

"ಒಳಗೆ ಸೆಕೆ ಕಣಯ್ಯ. ಇಲ್ಲಿ ಗಾಳಿ ಚೆಂದಾಗೈತೆ."

"ಊಂ ಗೌಡ್ರೇ. ನಮ್ಮೂರಲ್ಲಿ ನಂಗೆ ಯಾವಾಗ್ಲೂ ಗಾಳಿ ಚೆಂದಾಗೇ ಸಿಕ್ತದೆ" ಎಂದು ಮೂಗಯ್ಯ ಕೂತು, ಊಟ ಮುಗಿಸಿ, ಪಾಯಸ ಹೊಗಳಿ ಹೋದ.

ಅವತ್ತು ಸಂಜೆ ಮಂಗಳಮ್ಮ ಚೀಲ ತುಂಬತೊಡಗಿದರು. "ನಾನು ಮೈಸೂರಲ್ಲೇ ಇರ್ತೀನಿ. ಅಲ್ಲಿ ಮಾತಿಗೆ ಗೌತಮಿ ಅವ್ಳೆ. ನೀವು ಬೇಕಾದ್ರೆ ಇಲ್ಲೇ ಗಾಳಿ ತಗೊಳ್ಳಿ."

ಗೌಡರೂ ಹಿಂದೆಯೇ ಹೊರಟರು. ಈಗ ಹೊಸ ಮನೆಗೆ ಬೀಗ. ಆಗಾಗ ಬಂದು ಕಸ ಹೊಡೆಸುತ್ತಾರೆ. ಮೊನ್ನೆ ಬೀರೇಶ್ ಕೇಳಿದ, "ಇಂಥ ಮನೆ ಬುಟ್ಟು ಅಲ್ಯಾಕಿದೀರಿ?"

"ಅಲ್ಲಿ ನಮ್ಮೋರೊಬ್ರು ಅವ್ರೆ ಕಣೋ. ಬುಟ್ಟು ಬರಕ್ಕೆ ಮನಸಾಗಲ್ಲ."

"ನಮ್ಮೋರಾ? ಯಾರು?"

ಬಸ್ಸು ಬಂತು ಎಂದು ಗೌಡರು ಹೊರಟುಬಿಟ್ಟರು. ಬಸ್ಸು ಬರಲು ಇನ್ನೂ ಬಹಳ ಹೊತ್ತಿತ್ತು.